ಪಾಲಿಹೌಸಿನಲ್ಲಿ ಗಾಳಿ ಆಡಿಸುವ ಫ್ಯಾನು: ಶಿರಸಿ ಮತ್ತು ಕರಾವಳಿಯ ಬೆಳೆಗಾರರಿಗೆ ಲೆಕ್ಕ, ಜಾಗ, ಜೋಡಣೆ

ಜುಲೈ ತಿಂಗಳಲ್ಲಿ ಬೆಳಗಿನ ಆರು ಗಂಟೆಗೆ ಪಾಲಿಹೌಸಿನ ಬಾಗಿಲು ತೆಗೆದು ಒಳಹೊಕ್ಕು ಒಂದು ಎಲೆಯ ಮೇಲೆ ಬೆರಳಾಡಿಸಿ ನೋಡಿ. ಮಾಡಿನ ಹಾಳೆಯಲ್ಲಿ ಒಂದೇ ಒಂದು ತೂತು ಇಲ್ಲದಿದ್ದರೂ ಬೆರಳು ಒದ್ದೆಯಾಗುತ್ತದೆ. ಆ ನೀರು ಮಳೆಯದಲ್ಲ. ಗಿಡ ಬಿಟ್ಟ ಆವಿ, ಮಡಿಯ ಮಣ್ಣಿನಿಂದ ಎದ್ದ ತೇವ ರಾತ್ರಿಯಿಡೀ ಅಲ್ಲೇ ನಿಂತು, ತಣಿದ ಎಲೆಯ ಮೇಲೆ ಹನಿಗಟ್ಟಿದೆ. ಎಲೆ ಹೀಗೆ ಆರೆಂಟು ತಾಸು ಒದ್ದೆಯಾಗಿಯೇ ಉಳಿದರೆ ಬೂದು ಬೂಷ್ಟು, ಎಲೆಕೊಳೆ, ಸಸಿಮಡಿಯ ಸೊರಗು ಎಲ್ಲಕ್ಕೂ ದಾರಿ ಸಲೀಸು. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಘಟ್ಟದ ಮೇಲಿನ ಊರಾಗಲಿ, ಕಾರವಾರ, ಅಂಕೋಲಾ, ಕುಮಟಾದ ಕರಾವಳಿಯಾಗಲಿ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಪಾಲಿಹೌಸಿಗೆ ಬಿಸಿಲಿಗಿಂತ ದೊಡ್ಡ ಶತ್ರು ಈ ನಿಂತ ತೇವ. ಫ್ಯಾನಿನ ಲೆಕ್ಕವನ್ನು ಇಲ್ಲಿಂದಲೇ ಶುರುಮಾಡಬೇಕು.

ಬಯಲುಸೀಮೆಗಾಗಿ ಬರೆದ ಕೈಪಿಡಿ ಓದಿಕೊಂಡು ಫ್ಯಾನು ಕೊಂಡವರು ಎಡವುವುದು ಇದೇ ಕಾರಣಕ್ಕೆ. ಅಲ್ಲಿ ಫ್ಯಾನಿನ ಕೆಲಸ ತಂಪು ಮಾಡುವುದು, ಓಡುವುದು ಮಧ್ಯಾಹ್ನ. ಇಲ್ಲಿ ಅದರ ಮುಖ್ಯ ಕೆಲಸ ಎಲೆ ಒಣಗಿಸುವುದು, ಓಡಬೇಕಾದದ್ದು ರಾತ್ರಿ ಮತ್ತು ಬೆಳಗಿನ ಜಾವ.

ಹೊರಗೆ ತಳ್ಳುವ ಫ್ಯಾನು ಬೇರೆ, ಒಳಗೆ ಸುತ್ತಿಸುವ ಫ್ಯಾನು ಬೇರೆ

ಗೋಡೆಗೆ ಕೂರಿಸುವ ಎಕ್ಸಾಸ್ಟ್ ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ಹಾಕುತ್ತದೆ. ಎದುರು ಗೋಡೆಯಲ್ಲಿ ಒದ್ದೆ ಪ್ಯಾಡ್ ಇಟ್ಟರೆ ಒಳಬರುವ ಗಾಳಿ ತಂಪಾಗಿ ಬರುತ್ತದೆ. ಆದರೆ ಪ್ಯಾಡ್ ತಂಪು ಕೊಡುವುದು ಹೊರಗಿನ ಗಾಳಿ ಒಣಗಿದ್ದಾಗ ಮಾತ್ರ. ಬಯಲುಸೀಮೆಯಲ್ಲಿ 36 ಡಿಗ್ರಿ ಬಿಸಿಲು, 25 ಶೇಕಡಾ ಆರ್ದ್ರತೆ ಇದ್ದರೆ ಒಳ್ಳೆಯ ಪ್ಯಾಡ್ 11-12 ಡಿಗ್ರಿ ಇಳಿಸಬಲ್ಲದು. ಅದೇ ಪ್ಯಾಡ್ ಕಾರವಾರದ ಏಪ್ರಿಲ್ ಮಧ್ಯಾಹ್ನದಲ್ಲಿ, 33 ಡಿಗ್ರಿ ಮತ್ತು 65 ಶೇಕಡಾ ಆರ್ದ್ರತೆಯಲ್ಲಿ, ನಾಲ್ಕೈದು ಡಿಗ್ರಿ ಇಳಿಸಿದರೆ ಹೆಚ್ಚು. ಮಳೆಗಾಲದಲ್ಲಿ ಒಂದು ಡಿಗ್ರಿ ಇಳಿಸುವುದೂ ಕಷ್ಟ, ಮೇಲಾಗಿ ಇರುವ ತೇವಕ್ಕೆ ಇನ್ನಷ್ಟು ತೇವ ಕೂಡಿಸುತ್ತದೆ. ಕರಾವಳಿಯಲ್ಲಿ ಪ್ಯಾಡಿಗೆ ಹಾಕುವ ದುಡ್ಡನ್ನು ಮಾಡಿನ ಕಿಂಡಿ ಅಗಲಿಸಲು, ಎತ್ತರ ಒಂದು ಮೀಟರ್ ಹೆಚ್ಚಿಸಲು ಹಾಕುವುದೇ ಲೇಸು.

ಇಲ್ಲಿ ಹೇಳಹೊರಟಿರುವುದು ಎರಡನೆಯ ಬಗೆಯ ಫ್ಯಾನಿನ ವಿಷಯ. ಇದು ಟ್ರಸ್ಸಿಗೆ, ಅಂದರೆ ಮಾಡು ಹೊತ್ತ ಪೈಪಿನ ಚೌಕಟ್ಟಿಗೆ ತೂಗುಹಾಕುವ, 12ರಿಂದ 24 ಇಂಚು ಅಗಲದ, ಗಾಳಿಯನ್ನು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ದೂಡುವ ಫ್ಯಾನು. ಇದು ತೇವವನ್ನು ಹೊರಗೆ ಹಾಕುವುದಿಲ್ಲ, ಒಳಗಿನ ಗಾಳಿಯನ್ನೇ ನಿಧಾನವಾಗಿ ಸುತ್ತಿಸುತ್ತದೆ. ಅಷ್ಟರಿಂದ ಏನು ಲಾಭ ಎಂದರೆ, ನಿಂತ ಗಾಳಿಯಲ್ಲಿ ಪ್ರತಿ ಎಲೆಯ ಮೈಗೂ ತೆಳುವಾದ, ಆವಿ ತುಂಬಿದ ಗಾಳಿಯ ಪದರವೊಂದು ಅಂಟಿಕೊಂಡಿರುತ್ತದೆ. ಗಾಳಿ ಸ್ವಲ್ಪ ಅಲುಗಾಡಿದರೆ ಆ ಪದರ ಕರಗುತ್ತದೆ, ಎಲೆಯ ಬಿಸುಪು ಸುತ್ತಲ ಗಾಳಿಯ ಬಿಸುಪಿಗೆ ಸಮನಾಗುತ್ತದೆ. ಎಲೆ ಗಾಳಿಗಿಂತ ತಣ್ಣಗಾಗದೇ ಇದ್ದರೆ ಅದರ ಮೇಲೆ ಹನಿ ಕೂರುವುದು ತೀರ ಕಡಿಮೆ.

ಘಟ್ಟದ ಮೇಲೆ ಇದರ ಅಗತ್ಯ ಮಳೆಗಾಲದ ಜೊತೆಗೆ ಡಿಸೆಂಬರ್, ಜನವರಿಯಲ್ಲೂ ಇದೆ. ಮೋಡವಿಲ್ಲದ ಚಳಿಯ ರಾತ್ರಿ ಎಲೆಗಳು ತಮ್ಮ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಸಾಧಾರಣ 200 ಮೈಕ್ರಾನ್ ಪಾಲಿಥಿನ್ ಹಾಳೆ ಆ ಬಿಸಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಪಕ್ಕದ ಪರದೆ ಪೂರ್ತಿ ಮುಚ್ಚಿ, ಗಾಳಿಯಾಡದೆ ಇರುವ ಪಾಲಿಹೌಸಿನ ಒಳಗೆ ಬೆಳಗಿನ ಜಾವ ಹೊರಗಿಗಿಂತ ಒಂದೆರಡು ಡಿಗ್ರಿ ಹೆಚ್ಚೇ ತಣ್ಣಗಿರುವುದುಂಟು. ಅಡಿಕೆ ತೋಟದ ಪಕ್ಕದ ತಗ್ಗಿನಲ್ಲಿ, ಸುತ್ತ ಮರಗಳ ನಡುವೆ ಕಟ್ಟಿದ ಪಾಲಿಹೌಸಿನಲ್ಲಿ ಇದು ಇನ್ನೂ ಜಾಸ್ತಿ. ತಂಪುಗಾಳಿ ನೀರಿನಂತೆ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ.

ಮೊದಲು ಕಟ್ಟಡ ನೋಡಿ, ಆಮೇಲೆ ಫ್ಯಾನು

ಮಾಡಿನ ಕಿಂಡಿ ನೈಋತ್ಯಕ್ಕೆ ಬಾಯಿ ತೆರೆದಿದ್ದರೆ ಮಳೆಗಾಲದ ಗಾಳಿ ನೀರನ್ನು ಒಳಗೇ ತಂದು ಸುರಿಯುತ್ತದೆ. ಅದನ್ನು ಮುಚ್ಚಿಟ್ಟರೆ ಆವಿ ಹೊರಹೋಗಲು ದಾರಿಯೇ ಇಲ್ಲ. ಕಿಂಡಿಯ ಬಾಯಿ ಗಾಳಿಗೆ ಬೆನ್ನುಹಾಕಿ, ಅಂದರೆ ಮೂಡಣ ಅಥವಾ ಈಶಾನ್ಯದ ಕಡೆಗೆ ಇರಬೇಕು. ಪಕ್ಕದ 40 ಮೆಶ್ ಕೀಟಬಲೆ ನಮ್ಮಲ್ಲಿ ಒಂದೇ ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗುತ್ತದೆ. ಅದರ ಕಣ್ಣು ಮುಚ್ಚಿದರೆ ಯಾವ ಫ್ಯಾನು ಹಾಕಿದರೂ ತೇವ ಒಳಗೇ ಸುತ್ತುತ್ತದೆ. ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ಅಕ್ಟೋಬರಿನಲ್ಲಿ, ಮೆತ್ತನೆಯ ಬ್ರಷ್ಷು ಹಿಡಿದು ಹೊರಗಿನಿಂದ ನೀರು ಹಾಯಿಸಿ ತೊಳೆಯಿರಿ.

ಅಳತೆ ತೆಗೆಯುವಾಗ ಉದ್ದ, ಅಗಲ, ಗಟರಿನ (ಮಾಡಿನ ನೀರು ಹರಿಯುವ ದೋಣಿ) ಎತ್ತರ, ಅಂಕಣಗಳ (ಒಂದೊಂದು ಮಾಡಿನಡಿಯ ಉದ್ದನೆಯ ಭಾಗ) ಸಂಖ್ಯೆ, ಕಂಬಗಳ ಸಾಲು, ಗಿಡದ ಸಾಲು ಯಾವ ದಿಕ್ಕಿಗಿದೆ, ನೆರಳುಪರದೆ ಎಷ್ಟು ಎತ್ತರದಲ್ಲಿದೆ, ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ಪೈಪು ಎಲ್ಲಿ ಹಾದಿದೆ ಎಲ್ಲವನ್ನೂ ಒಂದು ಚೌಕುಳಿ ಹಾಳೆಯ ಮೇಲೆ ಬರೆದುಕೊಳ್ಳಿ. ಫ್ಯಾನು ತಂದ ಮೇಲೆ ಎದುರಿಗೆ ಕಂಬವೋ ನೆರಳುಪರದೆಯ ಮಡಿಕೆಯೋ ಅಡ್ಡ ಬಂತೆಂದು ಜಾಗ ಬದಲಿಸುವವರೇ ಹೆಚ್ಚು.

ಎಷ್ಟು ಫ್ಯಾನು?

ಲೆಕ್ಕ ಸುಲಭ. ನೆಲದ ಪ್ರತಿ ಚದರ ಅಡಿಗೆ ನಿಮಿಷಕ್ಕೆ 2 ಘನ ಅಡಿ ಗಾಳಿ ದೂಡುವ ಶಕ್ತಿ ಎಲ್ಲ ಫ್ಯಾನುಗಳಿಂದ ಒಟ್ಟಾಗಿ ಸಿಗಬೇಕು. ದಟ್ಟವಾಗಿ, ಎತ್ತರಕ್ಕೆ ಹಬ್ಬಿಸುವ ಸೌತೆ, ಟೊಮೆಟೊ, ದೊಣ್ಣೆಮೆಣಸಿಗೆ 3 ಹಿಡಿಯಿರಿ. ಈ ಘನ ಅಡಿಯ ಅಂಕಿ ಫ್ಯಾನಿನ ಮಾಹಿತಿಪಟ್ಟಿಯಲ್ಲಿ ಸಿಎಫ್‌ಎಂ ಎಂದು ಇರುತ್ತದೆ. ಗಂಟೆಗೆ ಘನ ಮೀಟರ್ ಎಂದು ಕೊಟ್ಟಿದ್ದರೆ ಅದನ್ನು 1.7ರಿಂದ ಭಾಗಿಸಿದರೆ ಸಿಎಫ್‌ಎಂ ಸಿಗುತ್ತದೆ.

ಹತ್ತು ಗುಂಟೆಯ ಪಾಲಿಹೌಸು ಎಂದರೆ ಸಾಮಾನ್ಯವಾಗಿ 8 ಮೀಟರ್ ಅಗಲದ ನಾಲ್ಕು ಅಂಕಣ, 32 ಮೀಟರ್ ಉದ್ದ. ಒಟ್ಟು 1,024 ಚದರ ಮೀಟರ್, ಅಂದಾಜು 11,000 ಚದರ ಅಡಿ. ಎರಡರಿಂದ ಗುಣಿಸಿದರೆ 22,000 ಸಿಎಫ್‌ಎಂ. 18 ಇಂಚಿನ ಒಂದು ಫ್ಯಾನಿಗೆ 3,000 ಎಂದು ಬರೆದಿದ್ದರೆ ಎಂಟು ಫ್ಯಾನು, ಅಂಕಣಕ್ಕೆ ಎರಡರಂತೆ. ಅದೇ ಮನೆಯಲ್ಲಿ ಸೌತೆ ಹಬ್ಬಿಸುವುದಾದರೆ 33,000 ಬೇಕು, ಆಗ ಅಂಕಣಕ್ಕೆ ಮೂರರಂತೆ ಹನ್ನೆರಡು.

ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ ಎಬ್ಬಿಸುವ ನರ್ಸರಿಯ ಒಂಟಿ ಮನೆ 8 ಮೀಟರ್ ಅಗಲ, 20 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಸುಮಾರು 1,720 ಚದರ ಅಡಿ, ಬೇಕಾದದ್ದು 3,440 ಸಿಎಫ್‌ಎಂ. 1,000 ಸಿಎಫ್‌ಎಂ ಕೊಡುವ 12 ಇಂಚಿನ ನಾಲ್ಕು ಫ್ಯಾನು ಸಾಕು. ಇಲ್ಲಿ ಒಂದೇ ದೊಡ್ಡ ಫ್ಯಾನು ಹಾಕಿ ಉಳಿತಾಯ ಮಾಡುವ ಆಸೆ ಬರುತ್ತದೆ, ಮಾಡಬೇಡಿ. ದೊಡ್ಡ ಫ್ಯಾನಿನ ಎದುರಿನ ಹತ್ತು ಅಡಿಯಲ್ಲಿ ಸಸಿ ಬಾಡುತ್ತದೆ, ಮೂಲೆಗಳಲ್ಲಿ ಗಾಳಿ ಹಾಗೇ ನಿಂತಿರುತ್ತದೆ. ಸಸಿಮಡಿಯ ರೋಗ ಶುರುವಾಗುವುದು ಯಾವಾಗಲೂ ಆ ಮೂಲೆಯಿಂದ.

ಮಾಹಿತಿಪಟ್ಟಿಯ ಸಿಎಫ್‌ಎಂ ಜಾಲರಿ ಇಲ್ಲದೆ, ಪೂರ್ತಿ 230 ವೋಲ್ಟಿನಲ್ಲಿ ಅಳೆದದ್ದಾಗಿರಬಹುದು. ಅಂಗಡಿಯಲ್ಲಿ ಇದನ್ನು ಕೇಳಿ ತಿಳಿದುಕೊಳ್ಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಹತ್ತು ಶೇಕಡಾ ಕಳೆದು ಲೆಕ್ಕ ಹಾಕಿ.

ಜಾಗ: ಗಾಳಿಗೆ ತೇರಿನ ಬೀದಿಯಂತೆ ಒಂದು ಸುತ್ತುದಾರಿ

ಎಲ್ಲ ಫ್ಯಾನೂ ಸೇರಿ ಒಂದೇ ಸುತ್ತು ಹಾಕಬೇಕು. ಒಂದು ಕಡೆಯಿಂದ ಹೋದ ಗಾಳಿ ಕೊನೆಯಲ್ಲಿ ತಿರುಗಿ, ಇನ್ನೊಂದು ಕಡೆಯಿಂದ ಹೊರಟಲ್ಲಿಗೆ ಮರಳಬೇಕು. ಹೀಗೆ ಸುತ್ತು ಒಮ್ಮೆ ಕೂಡಿಕೊಂಡರೆ ಆಮೇಲೆ ಫ್ಯಾನುಗಳಿಗೆ ಕೆಲಸ ಹಗುರ. ತಿರುಗುತ್ತಿರುವ ಗಾಳಿಯನ್ನು ತಿರುಗುವಂತೆ ಉಳಿಸಿಕೊಂಡರೆ ಸಾಕು. ಒಂದೇ ಒಂದು ಫ್ಯಾನು ತಿರುಗುಮುರುಗಾಗಿ ನಿಂತರೂ ಸುತ್ತು ಮುರಿಯುತ್ತದೆ.

ಒಂಟಿ ಮನೆಯಲ್ಲಿ ಎರಡು ಸಾಲು ಹಾಕಿ. ಪ್ರತಿ ಸಾಲೂ ಪಕ್ಕದ ಗೋಡೆಯಿಂದ ಮನೆಯ ಅಗಲದ ಕಾಲುಭಾಗ ಒಳಗಿರಲಿ. 8 ಮೀಟರ್ ಅಗಲಕ್ಕೆ ಎರಡು ಮೀಟರ್. ಬಲಸಾಲಿನ ಫ್ಯಾನುಗಳು ಮುಂದಕ್ಕೆ, ಎಡಸಾಲಿನವು ಹಿಂದಕ್ಕೆ ಊದಬೇಕು. ಹಲವು ಅಂಕಣಗಳಿದ್ದರೆ ಪ್ರತಿ ಅಂಕಣದ ನಟ್ಟನಡುವೆ ಒಂದೊಂದು ಸಾಲು. ಒಂದನೇ ಅಂಕಣದಲ್ಲಿ ಗಾಳಿ ಹೋಗುತ್ತದೆ, ಎರಡನೆಯದರಲ್ಲಿ ಮರಳುತ್ತದೆ, ಮೂರರಲ್ಲಿ ಹೋಗುತ್ತದೆ, ನಾಲ್ಕರಲ್ಲಿ ಮರಳುತ್ತದೆ. ಅಂಕಣ ಮೂರೇ ಇದ್ದರೆ ಮೊದಲೆರಡನ್ನು ಜೋಡಿ ಮಾಡಿ, ಉಳಿದ ಒಂದನ್ನು ಒಂಟಿ ಮನೆ ಎಂದೇ ತಿಳಿದು ಅದರಲ್ಲಿ ಎರಡು ಸಾಲು ಹಾಕಿ.

ಮೊದಲ ಫ್ಯಾನು ಹಿಂದಿನ ಗೋಡೆಯಿಂದ ಮೂರರಿಂದ ಐದು ಮೀಟರ್ ಮುಂದಿರಲಿ. ಮೂಲೆ ತಿರುಗಿ ಬರುವ ಗಾಳಿಯನ್ನು ಅದು ಎಳೆದುಕೊಳ್ಳಬೇಕು. ಗೋಡೆಗೆ ಅಂಟಿಸಿಟ್ಟರೆ ಎಳೆಯಲು ಗಾಳಿಯೇ ಸಿಗುವುದಿಲ್ಲ. ಮುಂದಿನ ಫ್ಯಾನು ಎಷ್ಟು ದೂರ ಎಂಬುದಕ್ಕೆ ಫ್ಯಾನಿನ ಅಗಲದ ಮೂವತ್ತು ಪಟ್ಟು ಹಿಡಿಯಿರಿ. 12 ಇಂಚಿನದಕ್ಕೆ ಒಂಬತ್ತು ಮೀಟರ್, 18 ಇಂಚಿನದಕ್ಕೆ ಹದಿಮೂರೂವರೆ. ಹಾಗಾಗಿ ಮೇಲಿನ 32 ಮೀಟರ್ ಉದ್ದದ ಅಂಕಣದಲ್ಲಿ ಮೊದಲ ಫ್ಯಾನು 4 ಮೀಟರಿಗೆ, ಎರಡನೆಯದು 17.5 ಮೀಟರಿಗೆ ಬರುತ್ತದೆ. ಮೂರು ಹಾಕುವುದಾದರೆ 4, 13.5 ಮತ್ತು 23. ಈ ಅಳತೆಯನ್ನು ಆಯಾ ಅಂಕಣದಲ್ಲಿ ಗಾಳಿ ಹೊರಡುವ ತುದಿಯಿಂದ ಹಿಡಿಯಬೇಕು. ಎಲ್ಲ ಅಂಕಣಕ್ಕೂ ಒಂದೇ ಬಾಗಿಲಿನಿಂದ ಅಳೆದರೆ ಮರಳುವ ಸಾಲಿನ ಫ್ಯಾನುಗಳು ತಪ್ಪು ಜಾಗಕ್ಕೆ ಬೀಳುತ್ತವೆ. ಜೋಡಣೆಯವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ.

ಗಿಡದ ಸಾಲು ಗಾಳಿ ಹರಿಯುವ ದಿಕ್ಕಿಗೇ ಇದ್ದರೆ ಗಾಳಿ ಸಾಲುಗಳ ನಡುವೆ ನುಗ್ಗುತ್ತದೆ. ಅಡ್ಡಸಾಲಾದರೆ ಪ್ರತಿ ಸಾಲೂ ಬೇಲಿಯಂತೆ ತಡೆಯುತ್ತದೆ. ಸಾಲು ಹಾಕುವ ಮುಂಚೆಯೇ ಇದನ್ನು ನಿರ್ಧರಿಸಬೇಕು. ಕರಾವಳಿಯವರಿಗೆ ಇನ್ನೊಂದು ಮಾತು: ಹಗಲು ಹನ್ನೊಂದರ ಮೇಲೆ ಕಡಲಗಾಳಿ ಪಡುವಣದಿಂದ ಬರುತ್ತದೆ. ಕಡಲಿನ ಕಡೆ ಮುಖಮಾಡಿದ ಮೊದಲ ಅಂಕಣದ ಫ್ಯಾನುಗಳು ಅದೇ ದಿಕ್ಕಿಗೆ, ಪಡುವಣದಿಂದ ಮೂಡಣಕ್ಕೆ ಊದಿದರೆ ಎರಡೂ ಗಾಳಿ ಒಂದಕ್ಕೊಂದು ನೆರವಾಗುತ್ತವೆ.

ಎತ್ತರ ಗಿಡದ ತುದಿಯಿಂದ ಎರಡು ಮೂರು ಅಡಿ ಮೇಲೆ. ನೆಲಕ್ಕೆ ಹತ್ತಿರದ ಬೆಳೆಯಾದರೂ ಏಳು ಅಡಿಗಿಂತ ಕೆಳಗೆ ಬೇಡ, ಕೆಲಸದವರ ತಲೆಗೆ ತಗಲುತ್ತದೆ. ಬೆಂಚಿನ ಮೇಲಿನ ಸಸಿಗೆ ಏಳೂವರೆ ಅಡಿ, ಹಬ್ಬಿಸಿದ ಬೆಳೆಗೆ ಒಂಬತ್ತರಿಂದ ಹತ್ತು. ನೆರಳುಪರದೆ ಇದ್ದರೆ ಫ್ಯಾನು ಅದರ ಕೆಳಗೇ ಇರಬೇಕು.

ತೂಗುಹಾಕುವಾಗ

ಫ್ಯಾನು ಮುಂದಕ್ಕೆ ಗಾಳಿ ದೂಡಿದಂತೆ ಗಾಳಿ ಫ್ಯಾನನ್ನು ಹಿಂದಕ್ಕೆ ದೂಡುತ್ತದೆ. ಬರೀ ಎರಡು ಸರಪಳಿಯಲ್ಲಿ ನೇತಾಡಿಸಿದ ಫ್ಯಾನು ಚಾಲೂ ಆದೊಡನೆ ಹಿಂದಕ್ಕೆ ತೂಗಿ, ಮೂತಿ ಕೆಳಗಾಗಿ ಗಿಡದ ಮೇಲೆ ಊದತೊಡಗುತ್ತದೆ. ಹಾಗಾಗಿ ಕೆಳತುದಿಯಿಂದಲೂ ಒಂದು ಜಿಐ ಪೈಪಿನ ಅಥವಾ ತಂತಿಯ ಬಿಗಿತ ಕೊಟ್ಟು ಹಿಂದಕ್ಕೆ ಜರುಗದಂತೆ ಕಟ್ಟಬೇಕು. ಮೊಬೈಲಿನಲ್ಲಿರುವ ಮಟ್ಟಗೋಲನ್ನು ಫ್ಯಾನಿನ ಅಲಗಿನ ಸುತ್ತಲಿರುವ ಬಳೆಯ ಮೇಲಿಟ್ಟು ನೋಡಿ, ನೆಲಕ್ಕೆ ಸಮವಾಗಿರಲಿ. ಅದೂ ಫ್ಯಾನು ಓಡುತ್ತಿರುವಾಗ ನೋಡಬೇಕು, ನಿಂತಿರುವಾಗ ನೋಡಿದರೆ ಪ್ರಯೋಜನವಿಲ್ಲ. ಕೈ ಬಳೆಯ ಹೊರಗೇ ಇರಲಿ.

18 ಇಂಚಿನ ಫ್ಯಾನು ಹದಿನೈದು ಕಿಲೋ ತೂಗಬಹುದು. ಬೆಳೆ ಕಟ್ಟುವ ತಂತಿಗೆ ಅದನ್ನು ನೇತುಹಾಕಬಾರದು. ಟ್ರಸ್ಸಿನ ಕೆಳಪೈಪಿಗೆ ಕ್ಲ್ಯಾಂಪ್ ಹಾಕಿ, ಕ್ಲ್ಯಾಂಪಿಗೂ ಪೈಪಿಗೂ ನಡುವೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ. ನಡುಕ ಟ್ರಸ್ಸಿನ ಮೂಲಕ ಮಾಡಿನ ಹಾಳೆಗೆ ತಲುಪಿದರೆ ಒಂದೇ ವರ್ಷದಲ್ಲಿ ಹಾಳೆ ಕ್ಲಿಪ್ಪಿನ ಬುಡದಲ್ಲಿ ಸೀಳುತ್ತದೆ. ಮೇ ತಿಂಗಳ ಬಿರುಗಾಳಿಯನ್ನೂ ಮರೆಯುವಂತಿಲ್ಲ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಭಟ್ಕಳದಿಂದ ಕಾರವಾರದವರೆಗೆ ಕರಾವಳಿಯನ್ನು ಬಡಿಯಿತು. ಅಂಥ ಗಾಳಿಯಲ್ಲಿ ಸಡಿಲ ಸರಪಳಿಯ ಫ್ಯಾನು ಮನೆಯೊಳಗಿನ ಸುತ್ತಿಗೆಯಿದ್ದಂತೆ.

ಯಾವ ಫ್ಯಾನು ಕೊಳ್ಳಬೇಕು

ಮನೆಯ ಗೋಡೆ ಫ್ಯಾನನ್ನು ತಂದು ಕಟ್ಟುವುದು ಅಗ್ಗವೆನಿಸುತ್ತದೆ. ಅದರ ಮೋಟಾರಿಗೆ ಮುಚ್ಚಳವಿಲ್ಲ, ಒಳಗೆ ತೇವ ಹೋಗಿ ಮೊದಲ ಮಳೆಗಾಲದಲ್ಲೇ ಸುತ್ತು ಸುಡುತ್ತದೆ. ಅದರ ಗಾಳಿ ಹತ್ತು ಅಡಿಯಲ್ಲಿ ಹರಡಿ ಸೋತುಹೋಗುತ್ತದೆ. ಸೀಲಿಂಗ್ ಫ್ಯಾನು ಗಾಳಿಯನ್ನು ನೇರ ಕೆಳಗೆ ದೂಡಿ ತನ್ನಡಿಯ ಗಿಡವನ್ನಷ್ಟೇ ಒಣಗಿಸುತ್ತದೆ. ಬೇಕಾದದ್ದು ಅಲಗಿನ ಸುತ್ತ ಬಳೆ ಇರುವ, ಎರಡೂ ಕಡೆ ಜಾಲರಿ ಇರುವ, ಪೂರ್ತಿ ಮುಚ್ಚಿದ ಮೋಟಾರಿನ, ಐಪಿ 55 ರಕ್ಷಣೆ (ದೂಳು, ನೀರಿನ ಎರಚಲು ತಡೆಯುವ ದರ್ಜೆ) ಎಂದು ಬರೆದ ಫ್ಯಾನು. ಬೇರಿಂಗು ಎರಡೂ ಕಡೆ ರಬ್ಬರ್ ಸೀಲಿನದ್ದಾಗಿರಲಿ.

ಸಮುದ್ರಕ್ಕೆ ಹತ್ತಿರವಿದ್ದರೆ ಉಪ್ಪುಗಾಳಿಯ ಲೆಕ್ಕ ಬೇರೆ. ಬಣ್ಣ ಬಳಿದ ತಗಡಿನ ಅಲಗು ಮೊದಲು ಅಂಚಿನಲ್ಲಿ ತುಕ್ಕು ಹಿಡಿದು ತೂಕ ತಪ್ಪುತ್ತದೆ, ಆಮೇಲೆ ಫ್ಯಾನು ನಡುಗತೊಡಗುತ್ತದೆ, ಬೇರಿಂಗು ಹೋಗುತ್ತದೆ. ಗಾಜಿನೆಳೆ ಬೆರೆಸಿದ ನೈಲಾನ್ ಅಲಗು ಒಳ್ಳೆಯದು, ಅಲ್ಯೂಮಿನಿಯಂ ಆದರೂ ಆದೀತು. ಬೋಲ್ಟು ಸ್ಟೇನ್‌ಲೆಸ್ 304 ಘಟ್ಟದ ಮೇಲೆ ಧಾರಾಳ ಸಾಕು. ಕಡಲ ದಂಡೆಯಲ್ಲಿ ಅದರ ಮೇಲೂ ಕಂದು ಕಲೆ ಏಳುತ್ತದೆ, ಅಲ್ಲಿ 316 ಹಾಕಿ. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಮ್ಮಿಗೆ ನೇರ ತಾಗಿದರೆ ಉಪ್ಪುನೀರಿನ ಪಸೆಯಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ ಗ್ರೀಸ್ ಸವರಿ.

ವಯರಿಂಗ್ ಮತ್ತು ವೋಲ್ಟೇಜು

180 ವ್ಯಾಟಿನ ಎಂಟು ಫ್ಯಾನು ಎಂದರೆ 1,440 ವ್ಯಾಟ್, ಏಳೂವರೆ ಆಂಪಿಯರ್ ಹತ್ತಿರ. ಹನ್ನೆರಡು ತಾಸು ಓಡಿದರೆ 17 ಯುನಿಟ್ ಚಿಲ್ಲರೆ. ಬೋರ್ಡಿನಿಂದ ಪಾಲಿಹೌಸಿಗೆ 60 ಮೀಟರ್ ದೂರವಿದ್ದು 1.5 ಚದರ ಮಿಮೀ ತಾಮ್ರದ ವಯರ್ ಎಳೆದರೆ ದಾರಿಯಲ್ಲೇ 11 ವೋಲ್ಟ್ ಕಳೆಯುತ್ತದೆ, 2.5 ಎಳೆದರೆ ಆರೇಳು. ಊರಕಡೆ ಸಂಜೆ ಹೊತ್ತು ಮೊದಲೇ ವೋಲ್ಟೇಜು ಕುಸಿದಿರುತ್ತದೆ, ಮೇಲೆ ಇದೂ ಕಳೆದರೆ ಹೇಗೆ? ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 180 ವೋಲ್ಟಿನಲ್ಲಿ ಉಳಿಯುವುದು 60 ಶೇಕಡಾ ಅಷ್ಟೇ. ಫ್ಯಾನು ನಿಧಾನವಾಗುತ್ತದೆ, ಬಿಸಿಯಾಗುತ್ತದೆ, ಕೆಲವು ಹೊರಡುವುದೇ ಇಲ್ಲ, ಗುಂಯ್ ಎನ್ನುತ್ತ ನಿಂತಲ್ಲೇ ಸುಡುತ್ತವೆ. ಹಾಗಾಗಿ 2.5ಕ್ಕಿಂತ ತೆಳು ವಯರ್ ಬೇಡ. ಸಂಜೆ ಏಳರಿಂದ ಒಂಬತ್ತರ ನಡುವೆ ನಿಮ್ಮ ಬೋರ್ಡಿನಲ್ಲಿ ಒಂದು ವಾರ ವೋಲ್ಟೇಜು ಅಳೆದು ಬರೆದಿಡಿ. 200ಕ್ಕಿಂತ ಕೆಳಗೆ ಇಳಿಯುವುದು ಕಂಡರೆ ಸ್ಟೆಬಿಲೈಸರ್ ಲೆಕ್ಕವನ್ನೂ ಸೇರಿಸಿ.

ವಯರ್‌ಮನ್ ಬಂದಾಗ ಈ ಕೆಲವನ್ನು ನಿಂತು ಮಾಡಿಸಿಕೊಳ್ಳಿ. ನಾಲ್ಕು ಅಂಕಣಕ್ಕೆ ಎರಡು ಸರ್ಕ್ಯೂಟ್, ಒಂದೊಂದಕ್ಕೂ 10 ಆಂಪಿಯರಿನ ಸಿ ದರ್ಜೆಯ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು). ಒಂದು ಮತ್ತು ಎರಡನೇ ಅಂಕಣ ಒಂದು ಸರ್ಕ್ಯೂಟಿಗೆ, ಮೂರು ಮತ್ತು ನಾಲ್ಕು ಇನ್ನೊಂದಕ್ಕೆ. ಹೀಗೆ ಜೋಡಿಯಾಗಿ ಹಂಚಿದರೆ ಒಂದು ಬಿದ್ದರೂ ಇನ್ನೊಂದು ಜೋಡಿಯ ಸುತ್ತು ಪೂರ್ತಿ ಉಳಿಯುತ್ತದೆ. ಎಲ್ಲಕ್ಕೂ ಮುಂಚೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು) ಕಡ್ಡಾಯ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವ ಜಾಗವಿದು. ಮಳೆಗಾಲದಲ್ಲಿ ಅದು ಪದೇ ಪದೇ ಬೀಳುತ್ತಿದ್ದರೆ ಎಲ್ಲೋ ಜಾಯಿಂಟಿನಲ್ಲಿ ನೀರು ಕುಳಿತಿದೆ ಎಂದರ್ಥ. ಜಾಯಿಂಟು ಹುಡುಕಿ ಒಣಗಿಸಿ, ಆರ್‌ಸಿಸಿಬಿಯನ್ನು ತಪ್ಪಿಸಿ ವಯರ್ ಕೊಡಲು ಯಾರು ಹೇಳಿದರೂ ಒಪ್ಪಬೇಡಿ. ಟ್ರಸ್ಸಿಗೂ ಫ್ಯಾನಿನ ಮೈಗೂ ಅರ್ಥಿಂಗ್ ಇರಲೇಬೇಕು. ವಯರು ಮೋಟಾರಿನ ಪೆಟ್ಟಿಗೆಗೆ ಕೆಳಗಿನಿಂದ ಹೋಗಲಿ, ಹೋಗುವ ಮುಂಚೆ ಒಂದು ಗೇಣು ಕೆಳಗೆ ಜೋತುಬಿದ್ದು ಮೇಲೇರಲಿ. ಆಗ ವಯರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪೆಟ್ಟಿಗೆಗೆ ಸೇರುವುದಿಲ್ಲ.

ಟೈಮರ್ ಕೊಳ್ಳುವಾಗ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳಿ. ಚಕ್ರ ತಿರುಗುವ ಹಳೇ ನಮೂನೆಯದು ಕರೆಂಟು ಹೋದಾಗಲೆಲ್ಲ ನಿಲ್ಲುತ್ತದೆ. ಆಷಾಢದಲ್ಲಿ ಒಂದು ವಾರಕ್ಕೆ ಹತ್ತು ತಾಸು ಕರೆಂಟು ಇಲ್ಲದಿದ್ದರೆ ಅದರ ಗಡಿಯಾರವೂ ಹತ್ತು ತಾಸು ಹಿಂದೆ. ರಾತ್ರಿ ಓಡಬೇಕಾದ ಫ್ಯಾನು ಹಗಲು ಓಡಿ, ರಾತ್ರಿ ಮಲಗಿರುತ್ತದೆ. ಇನ್ವರ್ಟರಿಗೆ ಹಾಕುವುದಾದರೆ ಸೈನ್ ವೇವ್ ಇನ್ವರ್ಟರೇ ಬೇಕು, ಅದೂ ಓಡುವ ವ್ಯಾಟಿನ ಮೂರು ಪಟ್ಟು ತಾಳುವಂಥದ್ದು. ಫ್ಯಾನು ಹೊರಡುವಾಗ ಎಳೆಯುವ ಕರೆಂಟು ಅಷ್ಟು ದೊಡ್ಡದು.

ಯಾವಾಗ ಓಡಿಸಬೇಕು

ಪರದೆ ಮುಚ್ಚಿದಾಗೆಲ್ಲ ಫ್ಯಾನು ಓಡಲಿ, ಇದು ಮುಖ್ಯ ನಿಯಮ. ಪರದೆ ಎತ್ತಿ, ಹೊರಗೆ ಚೆನ್ನಾಗಿ ಗಾಳಿ ಬೀಸುವಾಗ ನಿಲ್ಲಿಸಬಹುದು. ಮಳೆಗಾಲದಲ್ಲಿ ಸಂಜೆ ಐದೂವರೆಯಿಂದ ಬೆಳಿಗ್ಗೆ ಒಂಬತ್ತರವರೆಗೆ. ಕರೆಂಟು ಅಷ್ಟಿಲ್ಲ, ಬಿಲ್ಲು ತಾಳುವುದಿಲ್ಲ ಎಂದಾದರೆ ಮುಸ್ಸಂಜೆಯ ಎರಡು ತಾಸು ಮತ್ತು ಬೆಳಗಿನ ಮೂರರಿಂದ ಎಂಟು, ಇವೆರಡನ್ನು ಬಿಡಬೇಡಿ. ಎಲೆ ಅತಿ ಹೆಚ್ಚು ತಣಿಯುವುದು ಬೆಳಕು ಹರಿಯುವ ಮುನ್ನ.

ಹೊರಗೆ ಮಳೆ ಸುರಿಯುವಾಗ ಹೊರಗಿನ ಗಾಳಿ ಒಳಗೆ ಬಿಟ್ಟರೆ ಏನು ಒಣಗೀತು ಎಂದು ಹಲವರು ಕಿಂಡಿಯನ್ನೂ ಬಿಗಿಯಾಗಿ ಮುಚ್ಚಿಬಿಡುತ್ತಾರೆ. ಇದು ತಪ್ಪು. 24 ಡಿಗ್ರಿಯಲ್ಲಿ 95 ಶೇಕಡಾ ಆರ್ದ್ರತೆಯ ಗಾಳಿ ಒಂದು ಘನ ಮೀಟರಿಗೆ ಸುಮಾರು 21 ಗ್ರಾಂ ನೀರು ಹೊತ್ತಿರುತ್ತದೆ. ಮೋಡದ ಹಗಲಿನಲ್ಲೂ ಪಾಲಿಹೌಸಿನೊಳಗೆ ಅದು 28 ಡಿಗ್ರಿಗೆ ಏರಿದರೆ 27 ಗ್ರಾಂ ಹೊರುವಷ್ಟು ಜಾಗ ಅದಕ್ಕೆ ಸಿಗುತ್ತದೆ, ಆರ್ದ್ರತೆ 76ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಅದೇ ಗಾಳಿ ಈಗ ಎಲೆ ಒಣಗಿಸಬಲ್ಲದು. ಬೆಳಿಗ್ಗೆ ಎಂಟರ ನಂತರ ಒಳಗೆ ಸ್ವಲ್ಪ ಬಿಸಿಯೇರಿದ ಕೂಡಲೆ ಮಾಡಿನ ಕಿಂಡಿ ತೆರೆದು ಫ್ಯಾನು ಇನ್ನೊಂದು ತಾಸು ಓಡಲು ಬಿಡಿ. ರಾತ್ರಿಯೂ ಪರದೆಯನ್ನು ಪೂರ್ತಿ ಮುಚ್ಚದೆ, ಮಳೆ ಎರಚದ ಕಡೆ ಒಂದಡಿ ಸಂದು ಉಳಿಸಿ. ಸುತ್ತಿಸುವ ಫ್ಯಾನಿಗೆ ತೇವ ಹೊರಹಾಕುವ ಶಕ್ತಿಯಿಲ್ಲ, ದಾರಿ ನೀವೇ ಬಿಡಬೇಕು.

ನೀರು ಕೊಡುವುದನ್ನು ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸಿ. ಸಂಜೆ ನೀರುಂಡ ಗಿಡ ರಾತ್ರಿ ಎಲೆಯಂಚಿನಿಂದ ಹನಿ ಹೊರಹಾಕುತ್ತದೆ, ಅದನ್ನು ಯಾವ ಫ್ಯಾನೂ ತಡೆಯಲಾರದು. ಔಷಧಿ ಹೊಡೆಯುವಾಗ ಫ್ಯಾನು ನಿಲ್ಲಿಸಿ, ಮುಗಿದು ಅರ್ಧ ತಾಸಿನ ನಂತರ ಹಾಕಿ.

ಆರ್ದ್ರತೆ ನೋಡಿ ಫ್ಯಾನು ಓಡಿಸುವ ಸೆನ್ಸರ್ ಇದ್ದರೆ 85ಕ್ಕೆ ಕಟ್ಟಿ. ಅದರ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅಡುಗೆಯ ಕಲ್ಲುಪ್ಪಿಗೆ ಕೆಸರಾಗುವಷ್ಟೇ ನೀರು ಹಾಕಿ ಒಂದು ಮುಚ್ಚಳದಲ್ಲಿಟ್ಟು, ಅದನ್ನೂ ಸೆನ್ಸರನ್ನೂ ಗಾಳಿಯಾಡದ ಡಬ್ಬಿಯೊಳಗೆ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. 82 ತೋರಿಸಿದರೆ ಏಳು ಕಳೆದು ಓದಿಕೊಳ್ಳಿ.

ಊದುಬತ್ತಿಯ ಪರೀಕ್ಷೆ

ಪರದೆ ಎಲ್ಲ ಮುಚ್ಚಿ, ಫ್ಯಾನು ಹಾಕಿ, ಸುತ್ತು ಕೂಡಿಕೊಳ್ಳಲು ಕಾಲು ಗಂಟೆ ಬಿಡಿ. ಆಮೇಲೆ ಗಿಡದ ಎತ್ತರದಲ್ಲಿ ಊದುಬತ್ತಿ ಹಿಡಿದು ನಿಲ್ಲಿ. ಹೊಗೆ ಒಂದು ಮೀಟರ್ ಸಾಗಲು ಎರಡರಿಂದ ನಾಲ್ಕು ಸೆಕೆಂಡು ಹಿಡಿದರೆ ಗಾಳಿ ಸರಿಯಾಗಿದೆ. ಅಂದರೆ ಸೆಕೆಂಡಿಗೆ ಕಾಲರಿಂದ ಅರ್ಧ ಮೀಟರ್ ವೇಗ. ಎಲೆ ಮೆಲ್ಲಗೆ ಅಲುಗಬೇಕು, ಪಟಪಟ ಹೊಡೆದುಕೊಳ್ಳಬಾರದು. ಸೆಕೆಂಡಿಗೆ ಒಂದು ಮೀಟರ್ ದಾಟಿದರೆ ಗಿಡ ಎಲೆಯ ರಂಧ್ರ ಮುಚ್ಚಿಕೊಂಡು ಬೆಳವಣಿಗೆ ಕುಂಠಿಸುತ್ತದೆ.

ನಾಲ್ಕು ಮೂಲೆ, ಅಂಕಣಗಳ ನಡುವಿನ ಗಟರಿನಡಿ, ಬಾಗಿಲ ಹಿಂದೆ, ದಟ್ಟ ಸಾಲಿನ ಬುಡ, ಎಲ್ಲ ಕಡೆ ನೋಡಿ. ಹೊಗೆ ನೆಟ್ಟಗೆ ಮೇಲೇಳುವ ಜಾಗ ಸಿಕ್ಕರೆ ಅಲ್ಲೊಂದು ಬಣ್ಣದ ದಾರ ಕಟ್ಟಿ. ಇಡೀ ಮನೆಯಲ್ಲಿ ಇಪ್ಪತ್ತು ಕಡೆ ಒಂದು ಗೇಣಿನ ತೆಳು ಪ್ಲಾಸ್ಟಿಕ್ ಪಟ್ಟಿ ನೇತುಹಾಕಿಟ್ಟರೆ ದಿನವೂ ಒಂದು ನೋಟದಲ್ಲಿ ಗಾಳಿ ತಿಳಿಯುತ್ತದೆ. ಗಿಡ ಬೆಳೆದಂತೆ ಗಾಳಿಯ ದಾರಿ ಬದಲಾಗುತ್ತದೆ. ನಾಟಿಯಾದ ವಾರ ಒಮ್ಮೆ, ಬೆಳೆ ತುಂಬಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಆಗಲೇಬೇಕು. ಕೆಳಗಿನ ಹಳೇ ಎಲೆ ತೆಗೆದರೆ ಎಷ್ಟೋ ಸಲ ಹೊಸ ಫ್ಯಾನಿನ ಖರ್ಚೇ ಉಳಿಯುತ್ತದೆ.

ಫ್ಯಾನು ಹಾಕಿದರೆ ರೋಗದ ಬೀಜಕಣ ಎಲ್ಲೆಡೆ ಹರಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬೂದು ಬೂಷ್ಟಿನ ಕಣ ಒಣ ಎಲೆಯ ಮೇಲೆ ಬಿದ್ದರೆ ಮೊಳೆಯುವುದು ಕಷ್ಟ. ಆಂಥೂರಿಯಂ ಬೆಳೆಯ ದುಂಡಾಣು ಅಂಗಮಾರಿಯೂ ನೀರಿನ ಸಿಡಿತದಿಂದಲೇ ಹೆಚ್ಚಾಗಿ ಹಬ್ಬುವುದು. ಬೂದಿರೋಗ ಮಾತ್ರ ಬೇರೆ ಜಾತಿಯದು. ಅದಕ್ಕೆ ಎಲೆಯ ಮೇಲೆ ನೀರು ಬೇಕಿಲ್ಲ, ಗಾಳಿಯಲ್ಲೇ ಹರಡುತ್ತದೆ. ಸೌತೆಯಲ್ಲಿ ಬಿಳಿ ಪುಡಿ ಕಂಡರೆ ಫ್ಯಾನನ್ನು ನಂಬಿ ಕೂರದೆ ರೋಗದ ಎಲೆ ಕಿತ್ತು ಔಷಧಿ ಮಾಡಿ.

ಕೆಡುವುದು ಎಲ್ಲಿ

ಫ್ಯಾನು ತಿರುಗುತ್ತಿದೆ, ಗಾಳಿ ಮಾತ್ರ ಇಲ್ಲ ಎಂದಾದರೆ ಮೊದಲ ಅನುಮಾನ ಮೋಟಾರು ಹೊರಟು ಓಡಲು ನೆರವಾಗುವ ಕಪಾಸಿಟರ್ ಮೇಲೆ. ತೇವ ಮತ್ತು ಬಿಸಿಗೆ ಅದರ ಶಕ್ತಿ ಕುಂದುತ್ತದೆ. ಡಬ್ಬಿಯ ತಲೆ ಉಬ್ಬಿದೆಯೇ ನೋಡಿ, ಮೀಟರಿನಲ್ಲಿ ಅಳೆಸಿ. ಮೇಲೆ ಬರೆದ ಅಂಕಿಗಿಂತ ಹತ್ತು ಶೇಕಡಾ ಕೆಳಗಿದ್ದರೆ ಬದಲಿಸಿ. ಪ್ರತಿ ಹತ್ತು ಫ್ಯಾನಿಗೆ ಎರಡು ಕಪಾಸಿಟರ್, ಒಂದು ಜೊತೆ ಬೇರಿಂಗು ಮಳೆಗಾಲಕ್ಕೆ ಮೊದಲೇ ತಂದಿಟ್ಟುಕೊಂಡರೆ ಸುರಿಯುವ ಮಳೆಯಲ್ಲಿ ಪೇಟೆಗೆ ಓಡುವ ಪಾಡು ತಪ್ಪುತ್ತದೆ.

ರಿವೈಂಡಿಂಗ್ ಮಾಡಿಸಿ ತಂದ ಮೋಟಾರು ಹಿಮ್ಮುಖ ತಿರುಗುವುದು ಬಹಳ ಸಾಮಾನ್ಯ. ದೂರದಿಂದ ನೋಡಿದರೆ ಫ್ಯಾನು ಓಡುತ್ತಲೇ ಇರುತ್ತದೆ, ಆದರೆ ಇಡೀ ಸುತ್ತಿಗೆ ಎದುರಾಗಿ ಊದುತ್ತಿರುತ್ತದೆ. ತಂದ ದಿನವೇ ಬಳೆಯ ಮೇಲಿನ ಬಾಣಕ್ಕೆ ಹೋಲಿಸಿ.

ಅಕ್ಟೋಬರಿನ ಹೊತ್ತಿಗೆ ಅಲಗುಗಳ ಮೇಲೆ ಕಪ್ಪು ಜಿಡ್ಡು ಕೂತಿರುತ್ತದೆ. ಕರೆಂಟು ತೆಗೆದು, ಸಾಬೂನು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಒಂದೇ ಅಲಗು ಒರೆಸಿ ಉಳಿದದ್ದು ಬಿಟ್ಟರೆ ತೂಕ ತಪ್ಪಿ ನಡುಗುತ್ತದೆ. ಬೇಸಿಗೆಯಲ್ಲಿ ನಿಲ್ಲಿಸಿಟ್ಟ ಫ್ಯಾನಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಮೋಟಾರಿನ ಅಡಿಯಲ್ಲಿರುವ ನೀರು ಸೋರುವ ಸಣ್ಣ ತೂತನ್ನೂ ಮುಚ್ಚಿಬಿಡುತ್ತದೆ. ತೆಳು ತಂತಿಯಿಂದ ಆ ತೂತು ಬಿಡಿಸಿ. ಬೇಡದ ತಿಂಗಳುಗಳಲ್ಲೂ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಎಲ್ಲ ಫ್ಯಾನು ಓಡಿಸಿ. ಮೋಟಾರಿನ ಒಳಗಿನ ಪಸೆ ಆರುತ್ತದೆ, ಬೇರಿಂಗು ಹಿಡಿದುಕೊಳ್ಳುವುದಿಲ್ಲ, ಗೂಡು ಕಟ್ಟಲು ಬಂದ ಕಣಜವೂ ಬೇರೆ ಜಾಗ ಹುಡುಕಿಕೊಳ್ಳುತ್ತದೆ.